ಕೂರ್ಗಳ್ಳಿಯಲ್ಲಿ ಕಡಲು

ಲೀಟರಿಗೆ ಮೂವತ್ತೈದು ಗ್ರಾಂ.
ಶೆಟ್ಟರ ಅಂಗಡಿಯಿಂದ ಹರಳುಪ್ಪು ತಂದು
ನಲ್ಲಿಯ ಕಾವೇರಿಗೆ ಕದಡಿದೆವು.
ತಮಿಳುನಾಡು ದಾಟಿ ಹೋಗಿ ಸೇರಬೇಕಾದದ್ದನ್ನು
ಇಲ್ಲೇ, ಕೂರ್ಗಳ್ಳಿಯ ತಗಡಿನ ಶೆಡ್ಡಿನಲ್ಲೇ
ಸೇರಿಬಿಟ್ಟಿತು ನದಿ, ಒಂದು ಪ್ಲಾಸ್ಟಿಕ್ ಡ್ರಮ್ಮಿನೊಳಗೆ.

ಪಡುವಣ ಕಡಲಲ್ಲಿ ಎಣ್ಣೆ ತೆಗೆಯುವ ಕಟ್ಟೆಯೊಂದರ
ಮೊಣಕಾಲು ಇದು. ಅಲ್ಲ, ಮೊಣಕಾಲಿನ ಅಣಕು:
ಮೊಳದುದ್ದದ ಎರಡು ಉಕ್ಕಿನ ಪಟ್ಟಿ, ನಡುವೆ ಕೆಂಪಾಚಾರಿಯ ಬೆಸುಗೆ.
ಆರು ಸೆಕೆಂಡಿಗೊಂದು ಅಲೆ.
ಯಂತ್ರ ತಳ್ಳುತ್ತದೆ, ಎಳೆಯುತ್ತದೆ,
ದಿನಕ್ಕೆ ಹದಿನಾಲ್ಕು ಸಾವಿರದ ನಾನೂರು ಸಲ.
ಕಡಲನ್ನು ನಾನು ಕಂಡದ್ದು ಒಮ್ಮೆ,
ಶಾಲೆಯ ಪ್ರವಾಸದಲ್ಲಿ, ದಾರಿಯುದ್ದ ವಾಂತಿ ಮಾಡಿಕೊಂಡು.

"ಏನವ್ವಾ, ಇನ್ನೂವೆ ಮುರೀನಿಲ್ವಾ?"
ಕಸ ಗುಡಿಸಲು ಬರುವ ಚಿಕ್ಕತಾಯಮ್ಮ ದಿನಾ ಕೇಳುತ್ತಾಳೆ,
ಆಸ್ಪತ್ರೆಯಲ್ಲಿರುವವರ ಸಮಾಚಾರ ಕೇಳುವ ದನಿಯಲ್ಲಿ.
ಇಲ್ಲ ಎಂದರೆ ಅವಳಿಗೆ ಸಮಾಧಾನ.
ನನಗಲ್ಲ.

ಬರುವ ಅಲೆಗಳೆಲ್ಲ ಒಂದೇ ಅಳತೆಯವಲ್ಲ.
ಗೀಚಿದ ಹಾಳೆಯನ್ನು ಅಡ್ಡ ತಿರುಗಿಸಬೇಕು,
ಏರಿಳಿತಗಳು ಆಗ ಒಂದರ ಕೆಳಗೊಂದು ಸೂರು.
ಮೇಲಿಂದ ಮಳೆ ಬಿಟ್ಟು
ಹನಿ ಯಾವ ಸೂರಿನಿಂದ ಯಾವುದಕ್ಕೆ ಜಾರಿತು,
ಎಲ್ಲಿ ಇನ್ನೊಂದು ಹರಿವು ಎದುರಾಗಿ ನಿಂತುಹೋಯಿತು
ಅಷ್ಟುದ್ದ ಒಂದು ಪೆಟ್ಟು ಎಂದು ಬರೆದುಕೊಳ್ಳಬೇಕು.
ಪೆಟ್ಟಿಗೊಂದು ಪಾಲು. ದೊಡ್ಡದಕ್ಕೆ ದೊಡ್ಡದು,
ಸಣ್ಣದಕ್ಕೆ ಬಿಂದುವಿನ ಬಲಕ್ಕೆ ಆರು ಸೊನ್ನೆ, ಆಮೇಲೆ ಏನೋ ಒಂಚೂರು.
ಕೂಡುತ್ತ ಹೋಗಿ ಒಂದು ಆಯಿತೋ, ಮುಗಿಯಿತು.
ಯಾವುದು ಮೊದಲು ಬಿತ್ತು, ಯಾವುದು ಆಮೇಲೆ,
ಲೆಕ್ಕ ಕೇಳುವುದಿಲ್ಲ.
ಈ ಒಂದು ವಿಷಯದಲ್ಲಿ ಲೆಕ್ಕವನ್ನು ನಾನು ನಂಬಲಾರೆ.

ಕೆಂಪಾಚಾರಿಗೆ ಯಾವ ಲೆಕ್ಕವೂ ಬೇಡ.
"ನನ್ ಬೆಸುಗೆ ಒಡಿಯಾಕಿಲ್ಲ ಮೇಡಂ.
ಬೆಸುಗೆ ಮುಗ್ದು ಕಬ್ಬಿಣ ಸುರುವಾಗೋ ಅಂಚು ಐತಲ್ಲ,
ಅಲ್ಲಿ ನೋಡ್ತಿರಿ."
ಉಗುರಿನಿಂದ ಕೆರೆದು ತೋರಿಸಿದ.
ಕಣ್ಣಿಗೆ ಅಲ್ಲೇನೂ ಇರಲಿಲ್ಲ. ಉಗುರಿಗೆ ಇತ್ತು.

ನಲವತ್ತೆರಡನೆಯ ದಿನ, ಬೆಳಗಿನ ಜಾವ ನಾಲ್ಕು.
ಐದು ಲಕ್ಷ ಎಂಬತ್ತೆಂಟು ಸಾವಿರಕ್ಕೆ ಎಣಿಕೆ ನಿಂತಿತು.
ಸದ್ದೇನೂ ದೊಡ್ಡದಲ್ಲ, ಹಸಿ ಕಬ್ಬು ಮುರಿದಷ್ಟು.
ನನ್ನ ಮೊತ್ತ ಇನ್ನೂ ಸೊನ್ನೆ ಪಾಯಿಂಟ್ ಏಳು ಎರಡು.
ಒಂದರವರೆಗೆ ಕಾಯಲಿಲ್ಲ ಉಕ್ಕು.

ಮುರಿದ ಮೈ ತೊಳೆದು ದೀಪಕ್ಕೆ ಹಿಡಿದರೆ
ಅಂಚಿನಿಂದ ಒಳಕ್ಕೆ ಗೆರೆಯ ಹಿಂದೆ ಗೆರೆ, ಬಿಲ್ಲು ಬಿಲ್ಲಾಗಿ,
ಅಲೆ ಹಿಂದೆ ಸರಿದ ಮೇಲೆ ಮರಳಲ್ಲಿ ಉಳಿಯುವ ಹಾಗೆ.
ಕಡಲದಂಡೆಯ ಗೆರೆ ಅಂತಲೇ ಇವಕ್ಕೆ ಹೆಸರು;
ಕಬ್ಬಿನ ಟ್ರ್ಯಾಕ್ಟರಿನ ಅಚ್ಚು ಸವೆದು ಮುರಿದರೂ ಅದೇ ಹೆಸರು.
ಇದು ಟ್ರಾನ್ಸ್‌ಫಾರ್ಮರ್ ಸುಟ್ಟು ಇಡೀ ದಿನ ಯಂತ್ರ ನಿಂತದ್ದು.
ಇದು ನಾನು ಬಿರುಗಾಳಿ ಹಾಕಿದ ಸೋಮವಾರ.
ಅದಕ್ಕೂ ಆಚೆ, ಅಂಚಿಗೆ ಅಂಟಿದಂತೆ, ಎಳ್ಳಿನಷ್ಟು ಹೊಳಪು.
ಅದಕ್ಕೆ ತಾರೀಕಿಲ್ಲ.
ನಾವು ಎಣಿಸಲು ಕೂರುವ ಮೊದಲೇ ಇತ್ತೋ ಏನೋ.

"ಮುರೀತಾ!" ಚಿಕ್ಕತಾಯಮ್ಮ ಪೊರಕೆ ಕೆಳಗಿಟ್ಟಳು.
ಎರಡು ತುಂಡನ್ನೂ ಮಡಿಲಲ್ಲಿಟ್ಟು ಜೋಡಿಸಿದಳು.
ಕೂದಲೆಳೆ ತೂರದಂತೆ ಕೂಡಿಕೊಂಡವು.
ಹಾಗೆ ಉಜ್ಜಬಾರದು, ಗುರುತು ಅಳಿಯುತ್ತವೆ, ಎನ್ನಬೇಕಿತ್ತು.
ಎನ್ನಲಿಲ್ಲ.

ಡ್ರಮ್ಮಿನ ನೀರನ್ನು ಹೊಂಗೆಯ ಬುಡಕ್ಕೆ ಸುರಿಯಬೇಡಿ
ಎಂದು ಬಾಗಿಲಿಗೆ ಬರೆದು ಅಂಟಿಸಿ
ಹೊಸ ತುಂಡು ಬಿಗಿದಿದ್ದೇನೆ.
ಇದರ ಅಂಚನ್ನು ಎರಡು ದಿನ ಕೂತು
ಉಜ್ಜಿ ನುಣುಪು ಮಾಡಿದ್ದಾನೆ ಕೆಂಪಾಚಾರಿ.
ಎಣಿಕೆ: ಸೊನ್ನೆ.
ಉಪ್ಪಿಗೆ, ಶೆಟ್ಟರ ಅಂಗಡಿ ತೆರೆಯಲಿ.