ಥಕಾರದ ಚುಕ್ಕೆ

ಕೋಡಿಬಾಗದ ಮನೆಯ ಹಿಂಬದಿ ವರಾಂಡದಲ್ಲಿ
ವಾಷಿಂಗ್ ಮಷೀನಿನ ಪಕ್ಕ ಅದು ಕೂತಿದೆ,
ಹೊಲಿಗೆ ಯಂತ್ರದ ದಾಯಾದಿಯಂಥ ಗರಗಸ.
ವಿಶಾಖಪಟ್ಟಣಕ್ಕೆ ವರ್ಗವಾಗಿ ಹೊರಟ ನೌಕಾನೆಲೆಯವರೊಬ್ಬರು
ಫ್ರಿಜ್ಜಿನ ಜೊತೆ ಮಾರಿ ಹೋದದ್ದು.
ಫ್ರಿಜ್ಜು ಕೆಟ್ಟು ಆರು ವರ್ಷವಾಯಿತು.

ವಾರವಿಡೀ ಜಿಲ್ಲಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತೇನೆ:
ಉಸಿರು ಹಿಡೀರಿ, ಅಲುಗಬೇಡಿ, ಆಯ್ತು, ಬಿಡಿ.
ಭಾನುವಾರ ಅದನ್ನೇ ನನಗೆ ಹೇಳಿಕೊಳ್ಳುತ್ತೇನೆ.

ಅಲಗು ಕುದುರೆಬಾಲದ ಕೂದಲಷ್ಟು ಸಣ್ಣ.
ಇಲ್ಲಿಯ ಗಾಳಿಗೆ ಎರಡೇ ದಿನಕ್ಕೆ ತುಕ್ಕು,
ಅದಕ್ಕೇ ಹಾರ್ಲಿಕ್ಸ್ ಬಾಟಲಿಯ ಅಕ್ಕಿಯಲ್ಲಿ ಹುಗಿದಿಟ್ಟಿರುತ್ತೇನೆ.
ಹಲ್ಲು ಕೆಳಮುಖ ಮಾಡಿ ಕೂರಿಸಿ, ಬಿಗಿದು, ಬೆರಳಲ್ಲಿ ಮೀಟಿದರೆ
ಟಿಣ್ ಅನ್ನಬೇಕು.
ಟೊಪ್ ಅಂದರೆ ಇನ್ನರ್ಧ ಸುತ್ತು.

ನಾರಳಿ ಹುಣ್ಣಿಮೆ ಕಳೆದ ಮೇಲೆ
ಪುರ್ಸೊ ತಾಂಡೇಲ ಹೆಗಲ ಮೇಲೆ ಹಲಗೆ ಹೊತ್ತು ಬಂದ.
ಒಡೆದು ಹಾಕಿದ ದೋಣಿಯದು.
"ಹೆಸರು ಬರೆದ ಜಾಗ ಹುಳ ತಿಂದಿದೆ ಬಾಯಿ,
ಅದರದೇ ಮರದಲ್ಲಿ ಕೊರೆದು ಕೊಡು. ಬಾಗಿಲ ಮೇಲಿರಲಿ."
ಮಥುರಾ. ಅವನ ಸೋದರತ್ತೆಯ ಹೆಸರು.
ಬುಟ್ಟಿ ಹೊತ್ತು ಮೀನು ಮಾರಿದ ದುಡ್ಡಲ್ಲಿ
ದೋಣಿ ಕಟ್ಟಿಸಿಕೊಟ್ಟವಳು.

ಹಲಸು. ಮೂವತ್ತು ವರ್ಷ ಮೀನೆಣ್ಣೆ ಕುಡಿದದ್ದು.
ಒಳಗೆ ಮೊಳೆ ಉಳಿದಿರಬಹುದು,
ಆಸ್ಪತ್ರೆಗೊಯ್ದು ಒಂದು ಫಿಲ್ಮು ತೆಗೆದರೆ ತಿಳಿದೀತು,
ಕೆಲಸವೂ ಹೋದೀತು. ಆಯಸ್ಕಾಂತ ಆಡಿಸಿದೆ.
ಎರಡು ಸಿಕ್ಕವು. ಮೂರನೆಯದನ್ನು ಅಲಗೇ ಹುಡುಕಿತು,
ಟಕ್ ಎಂದು ತಾನು ಮುರಿದು.

ಅಕ್ಷರದ ಕಾಗದ ಅಂಟಿಸಿ, ಮೇಲೊಂದು ಪ್ಯಾಕಿಂಗ್ ಟೇಪು,
ಇಲ್ಲದಿದ್ದರೆ ಅಂಚು ಸುಟ್ಟು ಕಪ್ಪಾಗುತ್ತದೆ.
ದೂಡಬಾರದು. ಅದು ತಿನ್ನುವಷ್ಟೇ ಉಣಿಸಬೇಕು.
ತಿರುವಿನಲ್ಲಿ ಅಲಗು ತಿರುಗುವುದಿಲ್ಲ, ಮರವೇ ತಿರುಗಬೇಕು,
ದಕ್ಕೆಗೆ ಬಂದ ದೋಣಿ ಮೂತಿ ತಿರುಗಿಸಿದಂತೆ,
ಹಿಂಬದಿ ಎಲ್ಲಿದೆಯೆಂಬ ನೆನಪಿಟ್ಟುಕೊಂಡು.

ನಮ್ಮ ಅಕ್ಷರಗಳು ಈ ಯಂತ್ರಕ್ಕೇ ಹುಟ್ಟಿದವು,
ನೇರ ಗೆರೆಯೆಂದರೆ ಇಬ್ಬರಿಗೂ ಬೇಸರ.
ಮಕಾರದ ಹೊಟ್ಟೆ, ರಕಾರದ ಬಳೆ.
ಬಳೆಯೊಳಗೆ ಹೋಗಲು ಮೊದಲೊಂದು ತೂತು ಕೊರೆದು
ಅಲಗು ಬಿಚ್ಚಿ, ಪೋಣಿಸಿ, ಮತ್ತೆ ಬಿಗಿದು, ಮತ್ತೆ ಮೀಟಿ.

ಥ ಮಾತ್ರ ಮೋಸ.
ನಡುವಿನ ಚುಕ್ಕೆಗೆ ಯಾರ ಆಸರೆಯೂ ಇಲ್ಲ.
ಅಕ್ಕಿಕಾಳಿನಗಲ ಸೇತುವೆ ಬಿಟ್ಟಿದ್ದೆ.
ಕರೆಂಟು ಹೋಯಿತು, ಬಂತು,
ಬಂದ ರಭಸಕ್ಕೆ ಸೇತುವೆ ಕಡಿದು ಚುಕ್ಕೆ ಹುಡಿಯಲ್ಲಿ ಬಿತ್ತು.
ಮೊಣಕಾಲೂರಿ ಹುಡುಕಿದೆ.
ಹುಡಿ ಜೇನು ಬಣ್ಣ,
ವಾಸನೆ ಅರ್ಧ ಹಣ್ಣು, ಅರ್ಧ ಬಾಂಗಡೆ.

ತಾರ್ಪಿನ್ ಸವರಿ ಕಾಗದ ಬಿಡಿಸಿದೆ.
ನೂರಿಪ್ಪತ್ತರ ಮರಳುಕಾಗದ, ಇನ್ನೂರಿಪ್ಪತ್ತು, ನಾನೂರು,
ಎಳೆ ಹೋದ ಕಡೆಗೇ ಕೈ.
ಬಳೆಯ ಒಳಮೈಗೆ ಐಸ್‌ಕ್ರೀಮ್ ಕಡ್ಡಿಗೆ ಸುತ್ತಿದ ಚೂರು.
ಆಮೇಲೆ ಅಗಸೆ ಎಣ್ಣೆ. ಕುಡಿಯದೆ ಉಳಿದದ್ದನ್ನು ಒರೆಸಿಬಿಡಬೇಕು,
ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ
ಯಾರೂ ಕಡ್ಡಿ ಗೀರದೆ ಹೊತ್ತಿಕೊಂಡೀತು;
ತಂತಿಯ ಮೇಲೆ ಹರವಿದೆ.
ಹಲಗೆ ಒಂದು ಚಮಚ ಕುಡಿದು ಸಾಕೆಂದಿತು.

ಪುರ್ಸೊ ಬೆರಳಿಟ್ಟು ಓದಿದ. ಮ. ದು.
ನಿಂತ.
ನಾನು ಅಂಗೈ ಬಿಚ್ಚಿದೆ:
"ಸಿಕ್ಕಿದೆ. ಫೆವಿಕಾಲ್ ಹಾಕಿ, ಹಿಂದಿನಿಂದ ಕಡ್ಡಿ ಕೊಟ್ಟು ಕೂರಿಸುತ್ತೇನೆ."
ಅವನು ನಕ್ಕ. "ಹೀಗೆ ಓದಿದರೆ ಮಧುರ ಮಧುರ ಕೇಳಿಸ್ತದೆ.
ಅತ್ತೆ ಹಾಗಿರಲಿಲ್ಲ ಬಾಯಿ. ದೋಣಿಯಂತೂ ಅಲ್ಲವೇ ಅಲ್ಲ.
ಬದುಕಿದ್ದಾಗ ಆಗದ್ದು ಈಗಲಾದರೂ ಆಗಲಿ."

ಚುಕ್ಕೆಯನ್ನು ಷರಟಿನ ಜೇಬಿಗೆ ಹಾಕಿಕೊಂಡ, ಬೀಡಿ ಕಟ್ಟಿನ ಜೊತೆ.
ತಪ್ಪಾಗಿದೆಯಲ್ಲ ಎಂದವರಿಗೆ
ಜೇಬು ತಟ್ಟಿ ತೋರಿಸುತ್ತಾನಂತೆ.
ಒಗೆಯುವ ದಿನ ಮಾತ್ರ ಅವನ ಸೊಸೆ
ಮೊದಲು ಅದನ್ನು ತೆಗೆದು ಕಿಟಕಿಯಲ್ಲಿಡುತ್ತಾಳೆ.