ಒಂದು ಒತ್ತಿನ ದೂರ

ಬೋವೆನ್ ಬಂದರಿನಲ್ಲಿ ದೋಣಿ ಹತ್ತುವ ಮೊದಲು
ಒಂಬೈನೂರು ಡಾಲರು ಕಟ್ಟಿದ ರಸೀದಿ ತೋರಿಸಿದೆ.
ಬಿಟ್ಟಿ ಚಾಕರಿಗೆ ಕೈಯಿಂದ ಕೊಟ್ಟು ಹೋಗುವುದು!
ರಬಕವಿಯ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತ ಅಪ್ಪ ಕೇಳಿದ್ದರೆ
ಲಾಳಿ ನಿಲ್ಲಿಸಿ ನಗುತ್ತಿದ್ದ.

ಹತ್ತು ದಿನದ ರಜೆ. ಟೌನ್ಸ್‌ವಿಲ್ಲಿನ ಲ್ಯಾಬಿನಲ್ಲಿ
ದಿನಕ್ಕೆ ಅರವತ್ತು ತೋಳಿನಿಂದ ರಕ್ತ ಎಳೆಯುವವಳು ನಾನು;
ಯಾರಿಗೂ ನೋವಾಗದ ಕಡೆ ಎಣಿಸುವ ಕೆಲಸ ಸಿಕ್ಕರೆ ಸಾಕಿತ್ತು.
ಆಮೆಮರಿ ಎಣಿಸು ಎಂದರು. ನೀಲಿ ಅಂಗಿ ಕೊಟ್ಟರು,
ಬೆನ್ನ ಮೇಲೆ ‘ಸ್ವಯಂಸೇವಕಿ’, ಎದೆಯ ಮೇಲೆ ರೆಸಾರ್ಟಿನ ಲಾಂಛನ.

ದ್ವೀಪಕ್ಕೆ ಯಾವನೋ ಕಪ್ತಾನನ ಹೆಂಡತಿಯ ಹೆಸರು.
ಅದಕ್ಕೂ ಹಿಂದೆ ಇಲ್ಲಿದ್ದವರು ಕರೆಯುತ್ತಿದ್ದ ಹೆಸರು
ಬಾರಿನ ಫಲಕದಲ್ಲಿದೆ: ಅನಾನಸು, ರಮ್ಮು, ಪುಡಿ ಮಾಡಿದ ಮಂಜು,
ಇಪ್ಪತ್ತನಾಲ್ಕು ಡಾಲರು.

ಮರಿಗಳು ಹುಟ್ಟುವುದು ಕತ್ತಲಲ್ಲಿ.
ಮರಳು ಸೀಳಿ ಮೇಲೆದ್ದು, ಎಲ್ಲಿ ಬೆಳಕೋ ಅಲ್ಲೇ ಸಮುದ್ರ ಎಂದು
ನಂಬಿ ಓಡುತ್ತವೆ. ಕೋಟಿ ವರ್ಷ ಅದು ಸರಿಯಾಗಿಯೇ ಇತ್ತು.
ಈಗ ಈಜುಕೊಳದ ಸುತ್ತ ರಾತ್ರಿಯಿಡೀ ದೀಪ.
ದೀಪಕ್ಕೂ ದ್ವೀಪಕ್ಕೂ ನಮ್ಮ ಲಿಪಿಯಲ್ಲಿ
ಒಂದು ಒತ್ತಿನ ದೂರ.
ಮರಿಗಳಿಗೆ ಅಕ್ಷರ ಬಾರದು.

ಬಕೆಟ್ಟಿಗೆ ಹೆಕ್ಕುತ್ತಿದ್ದೆವು. ಕೂಡಲೇ ನೀರಿಗೆ ಬಿಡುವಂತಿಲ್ಲ;
ಮರುದಿನ ಸಂಜೆ ಆರಕ್ಕೆ, ಅತಿಥಿಗಳ ಮುಂದೆ,
ಮರಿಗೆ ನಲವತ್ತು ಡಾಲರು, ಹೆಸರಿಡುವುದಾದರೆ ಐವತ್ತೈದು.
ಹದಿನೆಂಟು ಗಂಟೆ ಬಕೆಟ್ಟಿನ ಗೋಡೆ ಪರಚಿ ಪರಚಿ
ಸೋತ ಮರಿ ನಿಧಾನ ನಡೆಯುತ್ತದೆ,
ಫೋಟೋ ಚೆನ್ನಾಗಿ ಬರುತ್ತದೆ.
ನಾನೂ ಒಂದು ತೆಗೆಸಿಕೊಂಡೆ. ಅಳಿಸಿಲ್ಲ.

ಏಳನೇ ರಾತ್ರಿ ಒಂದು ಹೆಜ್ಜೆಸಾಲು ಕೊಳದತ್ತ ಹೋಗದೆ
ಅಡುಗೆಮನೆಯ ಹಿಂದಕ್ಕೆ ತಿರುಗಿತ್ತು. ಟಾರ್ಚು ಹಿಡಿದು ಹೋದೆ.
ತಗಡಿನ ಷೆಡ್ಡು. ಆರು ಯಂತ್ರಗಳ ಗುಡುಗು. ಒಳಗೆ ಮಾತ್ರ ಕತ್ತಲೆ;
ಆ ಕತ್ತಲೆಯಲ್ಲಿ ಒಬ್ಬಳು ಹಾಸು ಮಡಚುತ್ತಿದ್ದಳು
ಬರೀ ಕೈಯಳತೆಯಲ್ಲಿ, ಅಂಚಿಗೆ ಅಂಚು ಕೂಡಿಸಿ.

“ದೀಪ ಹಾಕಬೇಡ,” ಅಂದಳು. “ಒಳಗೆ ಬರುತ್ತವೆ.
ಹೋದ ತಿಂಗಳು ಮೋರಿಯಲ್ಲಿ ಒಂಬತ್ತು ಸಿಕ್ಕವು,
ಸೋಪಿನ ಬಿಸಿನೀರಲ್ಲಿ ಬೆಂದು.”
ಹೆಸರು ಲೇಮಾರಾ. ವನುವಾಟುವಿನ ತೊಂಗೋವಾದವಳು.
ಅವಳದೂ ದ್ವೀಪವೇ. ಬಂದು ಹನ್ನೊಂದು ತಿಂಗಳಾಯಿತು,
ಇಲ್ಲಿನ ದಂಡೆಯನ್ನು ಹಗಲಲ್ಲಿ ಕಂಡಿಲ್ಲ:
ಅತಿಥಿಗಳ ಕಣ್ಣಿಗೆ ಸಿಬ್ಬಂದಿ ಬೀಳಕೂಡದು, ನಿಯಮ.
ಕೋಣೆಗೆ ಆರು ಜನ; ಬಾಡಿಗೆ ಕೂಲಿಯಲ್ಲೇ ಮುರಿದುಕೊಳ್ಳುತ್ತಾರೆ.
ದೀಪ ಆರಿಸಿದ್ದಕ್ಕೂ ಮುರಿದರು, ಎರಡು ಸಲ:
ಕತ್ತಲಲ್ಲಿ ಒಂದು ಕಲೆ ಕಣ್ತಪ್ಪಿತಂತೆ.

ಏನು ಹೇಳುವುದೋ ತೋಚದೆ ಹಾಸಿನ ಇನ್ನೊಂದು ತುದಿ ಹಿಡಿದೆ.
ಅಪ್ಪನ ಹೆಬ್ಬೆರಳು ನನಗೂ ಬಂದಿದೆ: ನಾನೂರು ಎಳೆ, ದುಬಾರಿ ನೂಲು.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು
ಇಷ್ಟಗಲದ ಹಾಸಿಗೆ ಕಂಡಿರಲಿಲ್ಲ;
ಇದರಲ್ಲಿ ಯಾರ ಕಾಲೂ ಅಂಚು ಮುಟ್ಟುವುದಿಲ್ಲ.
ಅಂಚು ಗೊತ್ತಿರುವುದು ಮಡಚುವವರ ಕೈಗೆ.

ಇಪ್ಪತ್ತು ಮಡಚಿದೆವು. ಅವಳು ಅವಳ ನುಡಿಯಲ್ಲಿ
ಎಣಿಸುತ್ತಿದ್ದಳು, ನಾನು ನನ್ನದರಲ್ಲಿ.

ಕೊನೆಯ ದಿನ ಕರ್ಸ್ಟಿ ವರದಿ ಓದಿದಳು:
ಉಳಿಸಿದ್ದು ಮುನ್ನೂರ ಹನ್ನೆರಡು. ಚಪ್ಪಾಳೆ.
ದೀಪ ಆರಿಸಿದವರು ಎಂಬ ಕಲಂ ನಮೂನೆಯಲ್ಲಿರಲಿಲ್ಲ.
ನನ್ನ ಕೈಯಲ್ಲಿ ಪೆನ್ನಿತ್ತು. ಅಂಚಿನಲ್ಲಿ ಬೇಕಾದಷ್ಟು ಜಾಗವೂ ಇತ್ತು.
ಬರೆದರೆ ಯಾರ ಕೂಲಿ ಮುರಿಯುತ್ತದೋ ಎಂದು ಸುಮ್ಮನಾದೆ.
ಹಾಗಂತ ಈಗ ಹೇಳಿಕೊಳ್ಳುತ್ತೇನೆ.

ಟೌನ್ಸ್‌ವಿಲ್ಲಿನ ಮನೆಯಲ್ಲಿ ಈಗಲೂ ಕೆಲವು ರಾತ್ರಿ
ಬೆರಳು ಸ್ವಿಚ್ಚಿನ ತನಕ ಹೋಗಿ
ಒತ್ತದೆ ನಿಲ್ಲುತ್ತದೆ.
ಆಮೇಲೆ ಒತ್ತುತ್ತೇನೆ.
ಬೆಳಗ್ಗೆ ಆರಕ್ಕೆ ಪಾಳಿ, ಸಮವಸ್ತ್ರ ಇನ್ನೂ ಇಸ್ತ್ರಿಯಾಗಿಲ್ಲ.