ನಲವತ್ತು ಅಂದರೆ

ರಾತ್ರಿ ಒಂದೂವರೆ. ಹೊರಗೆ ಬಳ್ಳಾರಿ
ಇನ್ನೂ ಬಂಡೆಯ ಬಿಸಿಯಲ್ಲೇ ಇದೆ,
ಕೋಟೆಗುಡ್ಡ ಹಗಲಿಡೀ ಕುಡಿದದ್ದನ್ನು
ಓಣಿ ಓಣಿಗೆ ಉಸಿರು ಬಿಡುತ್ತಿದೆ.
ಒಳಗೆ, ಆಸ್ಪತ್ರೆಯ ನೆಲಮಾಳಿಗೆಯಲ್ಲಿ,
ಹದಿನೆಂಟು ಡಿಗ್ರಿ. ಸ್ವೆಟರ್ ತೊಟ್ಟ ನಾನು,
ಮಫ್ಲರ್ ಸುತ್ತಿದ ಎರ್ರಿಸ್ವಾಮಿ,
ಮತ್ತು ಒಂದು ಪೊಟ್ಟಣ.

ಬಿಚ್ಚಿದರೆ ಕೇಬಲ್ಲು:
ಒಂದು ತಲೆ, ನಾಲ್ಕು ಬಾಲ.
"ಏನ್ ಮೇಡಂ ಇದು, ಹಾವೋ ಜರಿಯೋ?"
"ಯಾವುದೋ ಒಂದು. ಟಾರ್ಚ್ ಹಿಡಿ."

ಹೊಸ ಸ್ವಿಚ್ ಬೇಕೆಂದು ಬರೆದ ಕಡತ
ಮೂರು ಕೊಟೇಶನ್ ಹೊತ್ತು, ಮೂರು ಮೇಜು ದಾಟಿ
ನಾಲ್ಕನೆಯದರ ಮೇಲೆ ಮಲಗಿ ಹನ್ನೊಂದು ತಿಂಗಳು.
ಇರುವ ಪೆಟ್ಟಿಗೆಯಲ್ಲಿ ಹತ್ತರ ಕಿಂಡಿ ಒಂದೂ ಉಳಿದಿಲ್ಲ.
ನಲವತ್ತರವು ಎರಡು, ಬಾಯಿ ತೆರೆದು ಕೂತಿವೆ;
ಓಣಿ ತುಂಬ ಸೈಕಲ್ಲು,
ಲಾರಿಗಷ್ಟೇ ಬಾಗಿಲು.

ಒಡೆಯಬೇಕು. ಆಜ್ಞೆ ಒಂದೇ ಸಾಲು.
ಎಂಟರ್ ಒತ್ತಿದರೆ ಯಂತ್ರ ಕೇಳುತ್ತದೆ: ಖಾತ್ರಿಯೇ?
ಈ ಕಿಂಡಿ ಒಡೆದರೆ
ಪಕ್ಕದ ಕಿಂಡಿ ಸಾಯುತ್ತದೆ.

ಪಕ್ಕದ್ದೇನು ಮಾಡಿತ್ತು, ಪಾಪ?
ಒಳಗೆ ಎರಡಕ್ಕೂ ಒಂದೇ ಖಾತೆಯಂತೆ,
ಇದು ನಾಲ್ಕಾಗಿ ಉಂಡರೆ ಅದಕ್ಕೆ ಎಲೆ ಇಲ್ಲ.

ಹೌದು, ಎಂದೆ.
ದೀಪಗಳೆಲ್ಲ ಒಮ್ಮೆಗೇ ಆರಿದವು.
ನಾಲ್ಕು ನಿಮಿಷ ಆಸ್ಪತ್ರೆಗೆ ತನ್ನ ನೆನಪಿಲ್ಲ.
ಮೇಲೆ ಸಿಸ್ಟರ್ ರಾಹೇಲಮ್ಮ
ಔಷಧದ ರಟ್ಟಿನ ಮೇಲೆ ಪೆನ್ನಲ್ಲಿ
ಯಾವುದೋ ಮಗುವಿನ ಹೊತ್ತು ಗೀಚುತ್ತಿರಬೇಕು.

ಕಾಯುವಾಗ ಅವ್ವ ನೆನಪಾದಳು.
ಕೌಲ್ ಬಜಾರಿನ ಜೀನ್ಸ್ ಷೆಡ್ಡಿನಲ್ಲಿ
ದಾರದ ತುದಿ ಕತ್ತರಿಸುವ ಹುಲಿಗೆಮ್ಮ,
ತೊಳೆದರೂ ಬಿಡದ ನೀಲಿ ಬೆರಳು.
"ಇದು ಒಂದಲ್ಲವ್ವ, ಮೂರು. ಹುರಿ ಬಿಚ್ಚಿ ನೋಡು."
ಬಿಚ್ಚಿದೆ. ಎಳೆದೆ. ಒಂದೊಂದೂ ಪಟಕ್ಕನೆ ಹರಿಯಿತು.
"ಬಿಡಿಸಿದ್ರ ಜೀವ ಇರಲ್ಲ ಅದಕ."

ಬೆಳಕಿಗೆ ಹುರಿ ಇಲ್ಲವ್ವ.
ನಾವು ನಲವತ್ತು ಎಂದು ಕರೆದದ್ದು
ಮೊದಲಿನಿಂದಲೂ ನಾಲ್ಕು ಹತ್ತೇ,
ಹೆಗಲಿಗೆ ಹೆಗಲು ತಾಗಿಸದೆ, ಹೆಜ್ಜೆ ಮಾತ್ರ ಕೂಡಿಸಿ
ಗಾಜಿನೊಳಗೆ ನಡೆದವು;
ದೂರದವರಿಗೆ ಒಂದೇ ಮೆರವಣಿಗೆ.
ಈಗ ತಿರುವಿನಲ್ಲಿ ತಂತಮ್ಮ ಓಣಿ ಹಿಡಿಯುತ್ತವೆ, ಅಷ್ಟೇ.
ತಲೆಯಲ್ಲಿ ಹನ್ನೆರಡು ಎಳೆ:
ನಾಲ್ಕು ಹೋಗಲು, ನಾಲ್ಕು ಬರಲು,
ನಡುವಿನ ನಾಲ್ಕಕ್ಕೆ ಕೆಲಸವಿಲ್ಲ.
ಅವೂ ಅದೇ ಗಾಜು.
ಅದನ್ನೇಕೆ ಹೇಳಿದೆನೋ.

ಎಕ್ಸ್‌ರೇ: ಹಸಿರು.
ಲ್ಯಾಬು: ಹಸಿರು.
ಔಷಧದ ಉಗ್ರಾಣ, ಕೊಂಚ ಯೋಚಿಸಿ, ಹಸಿರು.
ಹೆರಿಗೆ ವಾರ್ಡಿನ ಬಾಲಕ್ಕೆ ಕತ್ತಲೆ.

ಕಿತ್ತು, ತುದಿಯನ್ನು ಸೂಕ್ಷ್ಮದರ್ಶಕಕ್ಕಿಟ್ಟೆ.
ಒಂದು ಕಣ. ಅಲ್ಲಿ ಎಲ್ಲವೂ ಬೂದಿ ಬಣ್ಣ,
ಆದರೂ ಈ ಊರಲ್ಲಿ ಹುಟ್ಟಿದವಳಿಗೆ ಗೊತ್ತು, ಅದು ಕೆಂಪು.
ಎಷ್ಟು ಗುಡ್ಡ ಲಾರಿ ಹತ್ತಿ, ಹಡಗು ಹತ್ತಿ ಹೋದವೋ;
ಹೋಗದೆ ಉಳಿದ ಚೂರು
ಕೂದಲಿಗಿಂತ ಸಣ್ಣ ಬಾಯಿಗೆ ಅಡ್ಡ ಕೂತಿದೆ.
"ಊದ್ಲಾ ಮೇಡಂ?"
"ಬೇಡ ಮಾರಾಯ! ಉಸಿರು ದೂಳಿಗಿಂತ ಕೆಟ್ಟದ್ದು."
ಒರೆಸುವ ಪೆನ್ನು ಒತ್ತಿದೆ. ಟಿಕ್.
ಮತ್ತೆ ನೋಡಿದೆ. ಮತ್ತೊಮ್ಮೆ, ಟಿಕ್.

ಹಸಿರು.

ಫೋನು ಬಂತು. ರಾಹೇಲಮ್ಮ:
"ಬಂತು ನೋಡ್ರಿ. ಹೆಣ್ಣು, ಎರಡು ಕಿಲೋ ಏಳುನೂರು,
ಒಂದು ಮೂವತ್ತೆಂಟಕ್ಕೆ. ಏರಿಸಿದೆ."
ರಟ್ಟನ್ನು ಏನು ಮಾಡಿದಳೋ ಕೇಳಲಿಲ್ಲ.

ಎರ್ರಿಸ್ವಾಮಿ ಬಾಲಗಳನ್ನು ಎಣಿಸುತ್ತಿದ್ದ.
"ನಲವತ್ತು ಇತ್ತು, ಹತ್ತು ಆತು.
ಕಮ್ಮಿ ಆತಲ್ರೀ?"
ಉತ್ತರಕ್ಕೆ ಬಾಯಿ ತೆರೆದವಳು ಬಿಟ್ಟುಬಿಟ್ಟೆ,
ಕೆಳಗೆ ಬಿದ್ದಿದ್ದ ರಬ್ಬರು ಮುಚ್ಚಳ ಹುಡುಕಿ
ಸತ್ತ ಕಿಂಡಿಯ ಬಾಯಿಗೆ ಒತ್ತಿದೆ.

"ಅದಕ್ಯಾಕ ಮುಚ್ಚಳ? ಹೋಗೇ ಬಿಡ್ತಲ್ಲ?"
"ದೂಳು ಕೂರಬಾರದು.
ಆ ಕಡತ ಎಂದಾದರೂ ಎದ್ದು ಬಂದರೆ
ಇದನ್ನೂ ಎಬ್ಬಿಸಬಹುದು."